ಮಸ್ಕತ್ ಬಿಟ್ಟರೆ ಒಮಾನ್‌ನಲ್ಲಿ ನೋಡಲು ಏನಿದೆ?

ಊರಿನಿಂದ ಮಸ್ಕತ್‌ಗೆ ಬಂದವರೆಲ್ಲ ನನ್ನನ್ನು ಕೇಳುವುದು ಇದನ್ನೇ. "ಮಸ್ಕತ್ ನೋಡಿ ಆಯ್ತಲ್ಲ, ಆಚೆ ಬರೀ ಮರಳು, ಬೆಟ್ಟ ತಾನೇ?" ಅಂತ. ಒಂದೇ ದಿನ ಉಳಿದಿದ್ದರೂ ನಿಜ್ವಾಕ್ಕೆ ಹೋಗಿ ಅನ್ನುತ್ತೇನೆ. ಅದೂ ಶುಕ್ರವಾರ ಬೆಳಗ್ಗೆಯೇ.

ಕಾರಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಹಿಂದೆ ಇಮಾಮರು, ಅಂದರೆ ಧರ್ಮಗುರುಗಳೂ ಆಗಿದ್ದ ಅರಸರು, ಆಳುತ್ತಿದ್ದ ಊರು ಅದು. ಕೋಟೆಯ ಹತ್ತಿರ ಪೇಟೆಯಲ್ಲಿ ಶುಕ್ರವಾರ ಜಾನುವಾರು ಸಂತೆ. ಕೊಳ್ಳುವವರು ದುಂಡಗೆ ನಿಂತಿರುತ್ತಾರೆ. ಮಾರುವವರು ಆಡಿನ ಹಗ್ಗ ಹಿಡಿದು, ರೇಟು ಕೂಗುತ್ತ ಸುತ್ತು ಹಾಕುತ್ತಾರೆ. ಇಷ್ಟವಾದರೆ ತಡೆದು ನಿಲ್ಲಿಸಿ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಬೆನ್ನು ಒತ್ತಿ ನೋಡುತ್ತಾರೆ. ವ್ಯಾಪಾರ ಕುದುರದಿದ್ದರೆ ಆಡು ಮತ್ತೆ ಸುತ್ತು ಹೊರಡುತ್ತದೆ. ತಿಂಡಿ ಮುಗಿಸಿ ನಿಧಾನಕ್ಕೆ ಹೋದರೆ ಏನೂ ಸಿಗುವುದಿಲ್ಲ. ಏಳಕ್ಕೆಲ್ಲ ಅಲ್ಲಿರಬೇಕು.

ಆಮೇಲೆ ಕೋಟೆ. 17ನೇ ಶತಮಾನದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ ದೊಡ್ಡ ದುಂಡು ಬುರುಜು ಅದರದು. ಖರ್ಜೂರದ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿ, ಭಾರಕ್ಕೆ ಸೋರುವ ಪಾಕವನ್ನು ಹಿಡಿದಿಡುತ್ತಿದ್ದ ಕೋಣೆಯನ್ನು ತಪ್ಪದೆ ನೋಡಿ. ಅದೇ ಪಾಕವನ್ನು ಕುದಿಸಿ, ಬಾಗಿಲ ಮೇಲಿನ ಕಿಂಡಿಯಿಂದ ಶತ್ರುಗಳ ತಲೆಗೆ ಸುರಿಯುತ್ತಿದ್ದರಂತೆ!

ಇಷ್ಟು ಖರ್ಜೂರಕ್ಕೆ ನೀರೆಲ್ಲಿಂದ? ಫಲಜ್‌ನಿಂದ. ಬೆಟ್ಟದ ಬುಡದ ನೀರನ್ನು ಪಂಪಿಲ್ಲದೆ, ಬರೀ ಇಳಿಜಾರಿನಲ್ಲೇ ಹರಿಸಿ ತರುವ ಕಾಲುವೆ ಅದು. ಮೊದಲು ಕುಡಿಯಲು, ಆಮೇಲೆ ತೋಟಕ್ಕೆ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಅನ್ನುವುದನ್ನು ಹಗಲು ನೆರಳಿನಿಂದ, ರಾತ್ರಿ ನಕ್ಷತ್ರಗಳಿಂದ ಅಳೆದು ಹಂಚುತ್ತಿದ್ದರು. ನಿಜ್ವಾದ ಫಲಜ್ ದಾರಿಸ್ ಸೇರಿ ಒಮಾನ್‌ನ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಮಳೆ ಇಷ್ಟು ಕಡಿಮೆ ಇರುವ ಕಡೆ ಊರು ಹೇಗೆ ಉಳಿಯಿತು ಅನ್ನುವುದು ಮಸ್ಕತ್‌ನ ಮಾಲ್‌ಗಳಲ್ಲಿ ಗೊತ್ತಾಗುವುದಿಲ್ಲ. ಈ ಕಾಲುವೆಯ ದಂಡೆಯಲ್ಲಿ ಕೂತರೆ ಗೊತ್ತಾಗುತ್ತದೆ. ನನಗೆ ನಿಜ್ವಾ ಇಷ್ಟವಾಗುವುದು ಅದಕ್ಕೇ.

ಎರಡು ದಿನ ಇದ್ದರೆ ಸೂರ್‌ಗೂ ಹೋಗಿ ಬನ್ನಿ. ಮರದ ಹಡಗು ಕಟ್ಟುವ ಊರು. ಅಲ್ಲಿಂದ ಮುಂದೆ ರಾಸ್ ಅಲ್ ಜಿಂಜ್ ಕಡಲತೀರದಲ್ಲಿ ರಾತ್ರಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ.

ಜುಲೈ, ಆಗಸ್ಟ್‌ನಲ್ಲಿ ಬರುವವರಿಗೆ ಮಾತ್ರ ನನ್ನ ಉತ್ತರ ಬೇರೆ. ಆಗ ನಿಜ್ವಾದ ಬಿಸಿಲಿಗೆ ಮಕ್ಕಳು, ವಯಸ್ಸಾದವರು ತಡೆಯುವುದು ಕಷ್ಟ. ಸೀದಾ ದಕ್ಷಿಣ ಒಮಾನ್‌ನ ಸಲಾಲಾಕ್ಕೆ ವಿಮಾನ ಹತ್ತಿ. ನಮ್ಮ ಕರಾವಳಿಗೆ ಮಳೆ ತರುವ ಮುಂಗಾರೇ ಅಲ್ಲಿಗೂ ಮಂಜು, ತುಂತುರು ತರುತ್ತದೆ. ಬೆಟ್ಟವೆಲ್ಲ ಹಸಿರು. ರಸ್ತೆ ಬದಿಯ ಗೂಡಂಗಡಿಗಳಲ್ಲಿ ಎಳನೀರು, ಬಾಳೆಹಣ್ಣು. ರೂಮ್ ಮಾತ್ರ ಮೊದಲೇ ಬುಕ್ ಮಾಡಿ, ಆ ಸಮಯದಲ್ಲಿ ಇಡೀ ಗಲ್ಫ್ ಅಲ್ಲಿಗೇ ಬರುತ್ತದೆ.