ಪುಟಕ್ಕೆ ಹೊಂದಿಸಬೇಡಿ

ಹಳೆಯ ಬಂಗಲೆಯೊಂದರ ಕುರಿತ ಒಂದೇ ಪ್ರದರ್ಶನದಲ್ಲಿ ಒಂದೇ ತೊಂದರೆ ಮೂರು ವೇಷ ಹಾಕಿಕೊಂಡು ಬಂದಿತು. ನಕ್ಷೆಯಲ್ಲಿ ಬಂದಾಗ ಅದು ಪ್ರಿಂಟರಿನ ದೋಷದಂತೆ ಕಂಡಿತು. ಫೋಟೋದಲ್ಲಿ ಬಂದಾಗ ಫ್ರೇಮ್ ಅಂಗಡಿಯವರ ಅವಸರದಂತೆ ಕಂಡಿತು. ಆಟದ ಪರದೆಯಲ್ಲಿ ಬಂದಾಗ ಫೈಲೇ ಕೆಟ್ಟಿದೆ ಎಂದುಕೊಂಡೆ. ಮೂರರ ಬೇರೂ ಒಂದೇ: ಖಾಲಿ ಜಾಗ ಕಂಡರೆ ತುಂಬಿಬಿಡುವ ಚಟ. ಇದು ತಂತ್ರಾಂಶಗಳಿಗೂ ಇದೆ, ಅವುಗಳನ್ನು ಬಳಸುವವರಿಗೂ ಇದೆ. ಪ್ರದರ್ಶನ ಮುಗಿದು ಬಹಳ ಕಾಲವಾಯಿತು. ಆದರೂ ಉದ್ಘಾಟನೆಗೆ ಮೊದಲಿನ ಆ ಅರ್ಧ ಗಂಟೆ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೆಲಸ ಮಾತ್ರ ನನ್ನ ಮನಸ್ಸಿಗೆ ತುಂಬ ಹತ್ತಿರವಾದದ್ದು. ಬೆಂಗಳೂರಿನ ದಂಡು ಪ್ರದೇಶದ ಒಂದು ಹಳೆಯ ಬಂಗಲೆ. ಕಿಟಕಿಗಳ ಮೇಲೆ ಮಂಕಿ ಟಾಪ್ ಎಂದು ಕರೆಯುವ ಚೂಪಾದ ಮರದ ಮಾಡು, ಮುಂದೆ ಮರದ ಜಾಲರಿಯ ಪೋರ್ಟಿಕೊ, ಮೇಲೆ ಮಂಗಳೂರು ಹೆಂಚು, ಒಳಗೆ ರೆಡ್ ಆಕ್ಸೈಡ್ ನೆಲ. ಇಂಥ ಮನೆಗಳನ್ನು ಒಂದೊಂದಾಗಿ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಊರಿನಲ್ಲಿ, ಉಳಿದಿರುವ ಒಂದನ್ನು ಜನರಿಗೆ ಸರಿಯಾಗಿ ತೋರಿಸಬೇಕು ಎಂಬುದು ಉದ್ದೇಶ. ಒಂದು ಗೋಡೆಗೆ ಅಳತೆಯ ನಕ್ಷೆಗಳು, ಎದುರು ಗೋಡೆಗೆ ಫೋಟೋಗಳು, ಮೂಲೆಯಲ್ಲಿ ಮಕ್ಕಳಿಗೆಂದು ಒಂದು ಚಿಕ್ಕ ವಿಡಿಯೋ ಗೇಮ್. ಮೂರೂ ನಮ್ಮ ಸ್ಟುಡಿಯೋದ ಪಾಲಿಗೆ ಬಂದವು. ನಕ್ಷೆಗಳನ್ನು ವಾಸ್ತುಶಿಲ್ಪ ಓದುತ್ತಿದ್ದ ವಿದ್ಯಾರ್ಥಿಗಳು ಟೇಪು ಹಿಡಿದು ಅಳೆದು ಬರೆದಿದ್ದರು. ಅವನ್ನು ಶೀಟಿಗೆ ಜೋಡಿಸುವುದು, ಫೋಟೋಗಳನ್ನು ತಿದ್ದುವುದು, ಆಟದ ಚಿತ್ರಗಳನ್ನು ಬರೆಯುವುದು ನನ್ನ ಕೆಲಸ.

ಆಟ ಗೇಮ್ ಬಾಯ್ ಶೈಲಿಯಲ್ಲಿಯೇ ಇರಬೇಕು ಎಂದು ಹಠ ಹಿಡಿದವಳು ನಾನು. 1989ರಲ್ಲಿ ನಿಂಟೆಂಡೊ ತಂದ ಆ ಪುಟ್ಟ ಯಂತ್ರದ ಪರದೆ ಅಡ್ಡಕ್ಕೆ 160 ಪಿಕ್ಸೆಲ್, ಉದ್ದಕ್ಕೆ 144. ನಾಲ್ಕೇ ಛಾಯೆಗಳು. ಎಲ್ಲವೂ ಟೈಲು ಎಂಬ 8×8 ಪಿಕ್ಸೆಲ್ಲಿನ ಪುಟ್ಟ ಚೌಕಗಳಲ್ಲಿ ಕೂರಬೇಕು, ಅಂದರೆ ಇಡೀ ಪರದೆಗೆ ಅಡ್ಡ 20, ಉದ್ದ 18 ಟೈಲುಗಳು. ಇಂಥ ಆಟ ಕಟ್ಟಲು ನಾವು ಬಳಸಿದ ಜಿಬಿ ಸ್ಟುಡಿಯೋ ಎಂಬ ತಂತ್ರಾಂಶದಲ್ಲಿ ಒಂದು ಹಿನ್ನೆಲೆ ಚಿತ್ರಕ್ಕೆ 192 ಬೇರೆ ಬೇರೆ ಟೈಲುಗಳ ಮಿತಿ ಇದೆ. ‘ಇಷ್ಟು ಕಡಿಮೆಯಲ್ಲಿ ಒಂದು ಬಂಗಲೆ ಹೇಗೆ ಹಿಡಿಸುತ್ತದೆ’ ಎಂದು ಮೀಟಿಂಗಿನಲ್ಲಿ ಕೇಳಿದರು. ಆದರೆ ಆ ಮನೆಯೂ ಹಾಗೆಯೇ ಕಟ್ಟಿದ್ದು. ಒಂದೇ ಅಚ್ಚಿನ ಹೆಂಚು ಇಡೀ ಸೂರಿನ ಮೇಲೆ ಮರುಕಳಿಸುತ್ತದೆ, ಒಂದೇ ಅಳತೆಯ ಮರದ ಪಟ್ಟಿ ಇಡೀ ಜಾಲರಿಯಲ್ಲಿ ಮರುಕಳಿಸುತ್ತದೆ. ಹೆಂಚಿಗೆ ಬೆರಳೆಣಿಕೆಯ ಟೈಲುಗಳು ಸಾಕಾದವು. ಉಳಿತಾಯವಾದದ್ದನ್ನೆಲ್ಲ ಮಂಕಿ ಟಾಪಿನ ತುದಿಗೂ ಅದರ ಕೆಳಗಿನ ನೆರಳಿಗೂ ಸುರಿದೆ. ಕಟ್ಟಡವೊಂದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ. ಎಲ್ಲಿ ಮರುಕಳಿಸುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಕಣ್ಣು ತಾನಾಗಿಯೇ ಹುಡುಕಲು ಕಲಿಯುತ್ತದೆ.

ಜಾಲರಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ಗೊತ್ತಾದದ್ದು ಅದರಿಂದಲೇ. ಪೋರ್ಟಿಕೊದ ಜಾಲರಿಯನ್ನು ನಾನು ಒಂದು ಪಿಕ್ಸೆಲ್ ಗಾಢ, ಒಂದು ಪಿಕ್ಸೆಲ್ ತಿಳಿ ಎಂದು ಚೌಕಳಿಯಾಗಿ ಬರೆದಿದ್ದೆ. ದೂರದಿಂದ ನೋಡಿದರೆ ಮರದ ಸಂದಿನಿಂದ ಬೆಳಕು ಸೋಸಿ ಬಂದಂತೆ ಕಾಣುತ್ತದೆ. ಪ್ರತಿ ಪಿಕ್ಸೆಲ್ಲೂ ಒಂದೇ ಗಾತ್ರದಲ್ಲಿದ್ದಾಗ ಮಾತ್ರ ಈ ನೋಟ ನಿಲ್ಲುತ್ತದೆ. ಒಂದು ಸಾಲು ದಪ್ಪ, ಒಂದು ಸಾಲು ಸಣ್ಣ ಆಯಿತೋ, ಜಾಲರಿಯ ಮೇಲೆ ಇಲ್ಲದ ಪಟ್ಟೆಗಳು ಎದ್ದು ಕುಣಿಯುತ್ತವೆ.

ಮೊದಲ ಪೆಟ್ಟು ಬಿದ್ದದ್ದು ನಕ್ಷೆಗೆ. ಶೀಟುಗಳನ್ನು ಎ2 ಅಳತೆಗೆ, 1:50 ಸ್ಕೇಲಿನಲ್ಲಿ, ಅಂದರೆ ಹಾಳೆಯ ಒಂದು ಸೆಂಟಿಮೀಟರಿಗೆ ಮನೆಯ 50 ಸೆಂಟಿಮೀಟರ್ ಎಂಬ ಲೆಕ್ಕದಲ್ಲಿ ಸಿದ್ಧಪಡಿಸಿದ್ದೆವು. ಪರಿಶೀಲನೆಗೆ ಒಬ್ಬ ಹಿರಿಯ ವಾಸ್ತುಶಿಲ್ಪಿ ಬರುವವರಿದ್ದರು. ಆಫೀಸಿನಲ್ಲಿ ಇದ್ದದ್ದು ಎ3 ಪ್ರಿಂಟರ್. ಯಾರೋ ‘ಫಿಟ್ ಟು ಪೇಜ್’, ಅಂದರೆ ‘ಪುಟಕ್ಕೆ ಹೊಂದಿಸು’ ಒತ್ತಿ ಒಂದು ಸೆಟ್ ತೆಗೆದು ಮೇಜಿನ ಮೇಲಿಟ್ಟರು. ಶೀಟಿನ ಮೂಲೆಯಲ್ಲಿ ‘1:50’ ಎಂಬ ಅಕ್ಷರ ಹಾಗೆಯೇ ಇತ್ತು. ಹಿರಿಯರು ಕುಳಿತವರೇ ಜೇಬಿನಿಂದ ತ್ರಿಕೋನ ಸ್ಕೇಲು ತೆಗೆದು ಮುಂಬಾಗಿಲಿನ ಮೇಲೆ ಇಟ್ಟರು. ಒಂದು ಗಳಿಗೆ ಸುಮ್ಮನಿದ್ದು, ಕನ್ನಡಕ ಸರಿಮಾಡಿಕೊಂಡು, ಮತ್ತೆ ಇಟ್ಟರು. “ಏನಮ್ಮಾ, ಈ ಮನೆಯವರು ಬಗ್ಗಿಕೊಂಡು ಒಳಗೆ ಹೋಗುತ್ತಿದ್ದರೇ?” ಎಂದು ಕೇಳಿದರು. 2.1 ಮೀಟರಿನ ಬಾಗಿಲು ಅವರ ಸ್ಕೇಲಿನಲ್ಲಿ ಒಂದೂವರೆ ಮೀಟರನ್ನೂ ಮುಟ್ಟುತ್ತಿರಲಿಲ್ಲ. ಎ2 ಹಾಳೆ ಎ3ಗೆ ಇಳಿದಾಗ ಪ್ರತಿ ಗೆರೆಯೂ ಶೇಕಡಾ 71ರಷ್ಟಕ್ಕೆ ಕುಗ್ಗುತ್ತದೆ. 1:50 ಇದ್ದದ್ದು ಹೆಚ್ಚುಕಡಿಮೆ 1:71 ಆಗುತ್ತದೆ. ಅಂಥ ಸ್ಕೇಲು ಯಾವ ಅಳತೆಪಟ್ಟಿಯಲ್ಲೂ ಇರುವುದಿಲ್ಲ. ಬಿಸಿಲಿನಲ್ಲಿ ಏಣಿ ಹತ್ತಿ ಸೆಂಟಿಮೀಟರ್ ಸೆಂಟಿಮೀಟರ್ ಅಳೆದ ಹುಡುಗ ಹುಡುಗಿಯರು ಅಲ್ಲೇ ನಿಂತಿದ್ದರು. ಅವರ ಮುಖ ಸಣ್ಣದಾದದ್ದನ್ನು ನೋಡಲಾಗಲಿಲ್ಲ.

ಅಂದಿನಿಂದ ಯಾವ ನಕ್ಷೆಯಲ್ಲೂ ನಾನು ಅಂಕಿಯ ಸ್ಕೇಲನ್ನು ಒಂಟಿಯಾಗಿ ಬಿಡುವುದಿಲ್ಲ. ಪಕ್ಕದಲ್ಲೇ ಮೀಟರುಗಳ ಗೆರೆಪಟ್ಟಿ ಎಳೆಯುತ್ತೇನೆ. ಹಾಳೆಯನ್ನು ಹಿಗ್ಗಿಸಲಿ, ಕುಗ್ಗಿಸಲಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಲಿ, ನಕ್ಷೆಯ ಜೊತೆಗೇ ಪಟ್ಟಿಯೂ ಹಿಗ್ಗಿ ಕುಗ್ಗುತ್ತದೆ, ಅಳತೆ ಉಳಿಯುತ್ತದೆ. ವಾಸ್ತುಶಿಲ್ಪದವರಿಗೆ ಇದು ಮೊದಲ ವರ್ಷದ ಪಾಠ. ಗ್ರಾಫಿಕ್ ಡಿಸೈನಿನಿಂದ ಬಂದ ನಮ್ಮಂಥವರು ಅದನ್ನು ಅಲಂಕಾರವೆಂದುಕೊಂಡು ಶೀಟು ಚೊಕ್ಕವಾಗಿ ಕಾಣಲೆಂದು ತೆಗೆದುಹಾಕುತ್ತೇವೆ.

ಫೋಟೋದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಮೆರಾದ ಚೌಕಟ್ಟು 3:2. ಬಾಡಿಗೆಗೆ ಬಂದ ಫ್ರೇಮುಗಳು 16×20 ಇಂಚು. ನಿಲುವಾಗಿ ತೆಗೆದ ಫೋಟೋವನ್ನು 16 ಇಂಚಿನ ಅಗಲಕ್ಕೆ ತಂದರೆ ಎತ್ತರ 24 ಆಗುತ್ತದೆ. ಫ್ರೇಮ್ ಇರುವುದು 20. ಅಂಗಡಿಯವರು ಕೇಳದೆಯೇ ಮೇಲೆ ಎರಡು, ಕೆಳಗೆ ಎರಡು ಇಂಚು ಕತ್ತರಿಸಿದರು. ಮೇಲಿನ ಎರಡು ಇಂಚಿನಲ್ಲಿ ಮಂಕಿ ಟಾಪಿನ ತುದಿ ಇತ್ತು. ಕೆಳಗಿನ ಎರಡರಲ್ಲಿ ಸವೆದ ಕಲ್ಲಿನ ಮೆಟ್ಟಿಲು ಇತ್ತು. ಫೋಟೋಗ್ರಾಫರ್ ಬೆಳಗಿನ ಓರೆ ಬಿಸಿಲಿಗಾಗಿ ಕಾದು, ಕಂಬಗಳು ಹಿಂದಕ್ಕೆ ವಾಲದಂತೆ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ ತೆಗೆದ ಚಿತ್ರ ಅದು. ಕ್ಯಾಮೆರಾ ಮೇಲೆತ್ತಿ ತೆಗೆದು ಆಮೇಲೆ ತಂತ್ರಾಂಶದಲ್ಲಿ ನೆಟ್ಟಗೆ ಮಾಡಬಹುದಿತ್ತು. ಆದರೆ ಹಾಗೆ ಮಾಡಿದರೆ ಮೇಲ್ಭಾಗ ಎಳೆದುಕೊಂಡು ಮರದ ಕೆತ್ತನೆ ಮಂಕಾಗುತ್ತದೆ. ಅಷ್ಟು ಶ್ರದ್ಧೆಯ ಕೆಲಸದ ತಲೆಯನ್ನೂ ಕಾಲನ್ನೂ ಕತ್ತರಿಯ ಎರಡು ಏಟಿಗೆ ಕಳೆದುಕೊಂಡೆವು. ಮತ್ತೆ 12×18ಕ್ಕೆ ಪ್ರಿಂಟ್ ಹಾಕಿಸಿ, 16×20ರ ಬಿಳಿ ಮೌಂಟಿನ ಮೇಲೆ ಕೂರಿಸಿದೆವು. ಅಕ್ಕಪಕ್ಕ ಎರಡಿಂಚು, ಮೇಲೆ ಕೆಳಗೆ ಒಂದಿಂಚು ಬಿಳಿ ಉಳಿಯಿತು. “ದುಡ್ಡು ಕೊಟ್ಟ ಫ್ರೇಮಿನಲ್ಲಿ ಫೋಟೋ ಯಾಕೆ ಇಷ್ಟು ಚಿಕ್ಕದಾಯಿತು?” ಎಂದು ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಕೇಳಿದರು. ಮನೆ ಪೂರ್ತಿ ಕಾಣಬೇಕಾದರೆ ಇಷ್ಟೇ ದೊಡ್ಡದು ಸಾಧ್ಯ ಎಂದೆ.

ಅದೇ ಮ್ಯಾನೇಜರ್ ಆಟದ ವಿಷಯದಲ್ಲೂ ಅದೇ ಮಾತು ಹೇಳಿದರು: ಪರದೆ ತುಂಬ ಬರಲಿ. ಟಿ.ವಿ. 1920×1080. ಅಡ್ಡಕ್ಕೆ 160ನ್ನು 12 ಪಟ್ಟು ಹಿಗ್ಗಿಸಿದರೆ 1920 ತುಂಬುತ್ತದೆ. ಉದ್ದಕ್ಕೆ 144ನ್ನು ಏಳೂವರೆ ಪಟ್ಟು ಹಿಗ್ಗಿಸಬೇಕು. ಹಾಗೆ ಮಾಡಿದರೆ ನಮ್ಮ ಆಟದ ಮಾಲಿಯಜ್ಜ ಕುಳ್ಳಗೆ ದಪ್ಪಗಾಗುತ್ತಾನೆ, ಕಿಟಕಿಗಳು ಅಗಲವಾಗುತ್ತವೆ. ಪಕ್ಕದಲ್ಲಿ ಕಪ್ಪು ಬಿಟ್ಟು ಎರಡೂ ಕಡೆ ಏಳೂವರೆ ಮಾಡೋಣವೆಂದರೆ, ಅರ್ಧ ಪಿಕ್ಸೆಲ್ ಎಂಬುದು ಪರದೆಯಲ್ಲಿ ಇಲ್ಲ. ಒಂದು ಸಾಲು ಏಳು, ಮುಂದಿನದು ಎಂಟು. ಮಾಲಿಯಜ್ಜನ ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಾಗುತ್ತದೆ. ಸರಿಯಾದದ್ದು ಏಳು ಪಟ್ಟು ಮಾತ್ರ: 1120×1008. ಅಕ್ಕಪಕ್ಕ 400, ಮೇಲೆ ಕೆಳಗೆ 36 ಸಾಲು ಕಪ್ಪು. ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿ ಒಪ್ಪಿಸಿದೆ. 4ಕೆ ಟಿ.ವಿ. ಕೊಡಿಸಿದ್ದರೆ ಅದರ 2160 ಸಾಲುಗಳಿಗೆ 144 ಸರಿಯಾಗಿ 15 ಪಟ್ಟು ಕೂರುತ್ತಿತ್ತು. ಬಜೆಟ್ ಇಲ್ಲ ಎಂದರು, ಬಿಟ್ಟೆ.

ಉದ್ಘಾಟನೆಯ ಸಂಜೆ. ಹೊರಗೆ ಕುರ್ಚಿ ಹಾಕುತ್ತಿದ್ದಾರೆ, ಅತಿಥಿಗಳ ಕಾರು ಹೊರಟಿದೆ ಎಂಬ ಸುದ್ದಿ ಬಂದಿದೆ. ಬಾಡಿಗೆ ಟಿ.ವಿ. ಹಚ್ಚಿ, ಲ್ಯಾಪ್‌ಟಾಪ್ ಜೋಡಿಸಿ, ಆಟ ಶುರು ಮಾಡಿದೆ. ಸುತ್ತ ಕಪ್ಪು ಅಂಚು ಇದೆ, ಚಿತ್ರ ಪೂರ್ತಿ ಇದೆ, ಮಾಲಿಯಜ್ಜನ ಮೈಕಟ್ಟು ಸರಿಯಾಗಿದೆ. ಬಂಗಲೆಯ ಮುಂದೆ ಅವನನ್ನು ನಡೆಸಿದೆ. ಪೋರ್ಟಿಕೊ ಬಂದ ಕೂಡಲೇ ಎದೆ ಧಸಕ್ಕೆಂದಿತು. ಜಾಲರಿಯ ಮೇಲೆ ದಪ್ಪ ದಪ್ಪ ಪಟ್ಟೆಗಳು. ಅಜ್ಜ ಒಂದೊಂದು ಹೆಜ್ಜೆ ಇಟ್ಟಾಗಲೂ ಅವು ಅಲೆಯಂತೆ ಸರಿಯುತ್ತಿದ್ದವು.

ನನ್ನ ಅನುಮಾನ ಮೊದಲು ಹೋದದ್ದು ಫೈಲಿನ ಕಡೆಗೆ. ಕೊನೆಯ ಬಾರಿ ಎಕ್ಸ್‌ಪೋರ್ಟ್ ಮಾಡುವಾಗ, ಪಿಕ್ಸೆಲ್ಲುಗಳನ್ನು ಮಸುಕಾಗಿಸದೆ ಹಿಗ್ಗಿಸುವ ‘ನಿಯರೆಸ್ಟ್ ನೇಬರ್’ ವಿಧಾನ ತಪ್ಪಿ ಬೇರೆ ಏನೋ ಆಗಿರಬೇಕು ಎಂದುಕೊಂಡು ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ. ಪಟ್ಟೆ ಹೋಗಲಿಲ್ಲ. ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸ್ಕೇಲಿಂಗ್ ನೋಡಿದೆ, ನೂರಕ್ಕೇ ಇತ್ತು. ಬ್ರೌಸರಿನ ಜೂಮ್ ನೋಡಿದೆ, ಅದೂ ನೂರಕ್ಕೇ ಇತ್ತು. ಕೇಬಲ್ ಬದಲಿಸಿದೆ. ಟಿ.ವಿ. ತಂದಿದ್ದ ಹುಡುಗನ ಮೇಲೂ ಒಂದು ಕ್ಷಣ ರೇಗಿದೆ. ಅವನು ಮಾತ್ರ ಶಾಂತವಾಗಿ, “ಮೇಡಂ, ಮೇಲಿನ ಕಪ್ಪು ಪಟ್ಟಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇನ್ನೂ ದಪ್ಪ ಇದೆ” ಎಂದ.

ಅವನ ಕಣ್ಣು ನನಗಿಂತ ಚುರುಕು. ಕೂಡಲೇ 1920×1080ರ ಒಂದು ಖಾಲಿ ಚಿತ್ರ ಮಾಡಿ, ನಾಲ್ಕೂ ಅಂಚಿಗೆ ಒಂದೇ ಪಿಕ್ಸೆಲ್ ದಪ್ಪದ ಕೆಂಪು ಗೆರೆ ಎಳೆದು ಟಿ.ವಿ.ಗೆ ಕಳಿಸಿದೆ. ನಾಲ್ಕು ಗೆರೆಗಳಲ್ಲಿ ಒಂದೂ ಕಾಣಲಿಲ್ಲ. ಟಿ.ವಿ. ಇಡೀ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಹೊರಗೆ ತಳ್ಳುತ್ತಿತ್ತು. ಓವರ್‌ಸ್ಕ್ಯಾನ್. ಹಳೆಯ ಕೊಳವೆ ಟಿ.ವಿ.ಗಳಲ್ಲಿ ಅಂಚಿನ ಚಿತ್ರ ಅಂಕುಡೊಂಕಾಗಿರುತ್ತಿತ್ತು, ಅದನ್ನು ಚೌಕಟ್ಟಿನ ಹಿಂದೆ ಮರೆಮಾಡಲು ಬಂದ ಪದ್ಧತಿ ಅದು. ಅಂಕುಡೊಂಕೇ ಇಲ್ಲದ ಚಪ್ಪಟೆ ಪರದೆಗಳೂ ಅದನ್ನು ಬಿಟ್ಟಿಲ್ಲ. ನಾನು ಕಾಪಾಡಿಕೊಂಡಿದ್ದ 36 ಸಾಲಿನ ಕಪ್ಪು ಅಂಚೇ ಇಲ್ಲಿ ನನ್ನ ಕಣ್ಣು ಕಟ್ಟಿತು. ಹಿಗ್ಗಿದಾಗ ಹೊರಗೆ ಹೋದದ್ದು ಬರಿಯ ಕಪ್ಪು, ಚಿತ್ರದ ಒಂದು ತುಣುಕೂ ಕಾಣೆಯಾಗಲಿಲ್ಲ. ಹಾಗಾಗಿ ಎಲ್ಲ ಸರಿ ಇದೆ ಎಂದುಕೊಂಡೆ. ಆದರೆ ಏಳು ಪಟ್ಟು ಇದ್ದದ್ದು ಏಳು ಚಿಲ್ಲರೆಯಾಗಿತ್ತು.

ಸರಿಪಡಿಸುವುದು ಮೆನುವಿನಲ್ಲಿ ಒಂದೇ ಆಯ್ಕೆಯ ಕೆಲಸ. ರಿಮೋಟ್ ಬಂದಿರಲಿಲ್ಲ. ಬಾಡಿಗೆಯವರು ಟಿ.ವಿ., ಸ್ಟ್ಯಾಂಡ್, ವೈರು ಎಲ್ಲ ಕಳಿಸಿ ರಿಮೋಟನ್ನು ಗೋದಾಮಿನಲ್ಲೇ ಬಿಟ್ಟಿದ್ದರು. ಟಿ.ವಿ.ಯ ಹಿಂದಿದ್ದ ಗುಂಡಿಗಳಿಂದ ದನಿ ಏರಿಳಿಸಬಹುದು, ಇನ್‌ಪುಟ್ ಬದಲಿಸಬಹುದು, ಅಷ್ಟೇ. ಬಾಗಿಲಲ್ಲಿ ಹೂವಿನ ತಟ್ಟೆ ಹಿಡಿದವರು ಬಂದು ನಿಂತರು. ಮ್ಯಾನೇಜರ್ ಬಂದು, “ಯಾರೂ ಇಷ್ಟು ಹತ್ತಿರ ಹೋಗಿ ನೋಡುವುದಿಲ್ಲ, ಬಿಡಿ” ಎಂದರು. ಆ ಮಾತಿಗೆ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಆ ಆಟ ಇರುವುದೇ ಮಕ್ಕಳಿಗೆ. ಮಕ್ಕಳು ಪರದೆಗೆ ಮೂಗು ತಾಗಿಸಿಕೊಂಡೇ ನೋಡುತ್ತಾರೆ. ಒಂದು ಮಗುವಾದರೂ ಆ ಜಾಲರಿಯನ್ನು ನೋಡಿ, ಹೊರಗೆ ಹೋಗಿ, ನಿಜವಾದ ಜಾಲರಿಯನ್ನು ಮುಟ್ಟಿ ನೋಡಲಿ ಎಂದು ತಾನೇ ಇಷ್ಟೆಲ್ಲ ಮಾಡಿದ್ದು?

ಆ ಹುಡುಗನೇ ಮತ್ತೆ ಕೈ ಹಿಡಿದ. ಅವನ ಮೊಬೈಲಿನಲ್ಲಿ ಇನ್‌ಫ್ರಾರೆಡ್ ಇತ್ತು, ರಿಮೋಟ್ ಆ್ಯಪ್ ಕೂಡ ಇತ್ತು. ಕಂಪನಿಯ ಪಟ್ಟಿಯಲ್ಲಿ ಮಾದರಿ ಹುಡುಕಿ, ಒಂದೊಂದು ಕೋಡ್ ಒತ್ತಿ ನೋಡುತ್ತಾ ಹೋದ. ಕೊನೆಗೊಂದಕ್ಕೆ ಟಿ.ವಿ. ಓಗೊಟ್ಟು ಮೆನು ಬಿಚ್ಚಿಕೊಂಡಿತು. ಪಿಕ್ಚರ್ ಸೈಜ್, ಅದರೊಳಗೆ ಚಿತ್ರವನ್ನು ಹಿಗ್ಗಿಸದೆ ಇದ್ದ ಹಾಗೇ ತೋರಿಸುವ ಜಸ್ಟ್ ಸ್ಕ್ಯಾನ್. ನಾಲ್ಕು ಅಂಚಿನಲ್ಲೂ ಕೂದಲೆಳೆಯ ಕೆಂಪು ಗೆರೆ ಮೂಡಿತು. ಅಂಚುಗಳ ಸುತ್ತ ಬಿಳಿ ನೆರಳು ಹುಟ್ಟಿಸುತ್ತಿದ್ದ ಶಾರ್ಪ್‌ನೆಸ್ಸನ್ನೂ ಇಳಿಸಿದೆವು. ಆಟ ಮತ್ತೆ ಶುರು ಮಾಡಿದಾಗ ಪಟ್ಟೆಗಳಿರಲಿಲ್ಲ. ಪೋರ್ಟಿಕೊದ ಒಳಗೆ ಬೆಳಕು ಸೋಸಿ ಬರುತ್ತಿತ್ತು. ಆ ಹುಡುಗನ ಹೆಸರು ಪ್ರದರ್ಶನದ ಕೃತಜ್ಞತೆಯ ಫಲಕದಲ್ಲಿ ಇರಬೇಕಿತ್ತು. ಫಲಕ ಆಗಲೇ ಗೋಡೆಯ ಮೇಲಿತ್ತು.

ಈಗ ನಮ್ಮ ಫೈಲುಗಳು ಸ್ಟುಡಿಯೋದಿಂದ ಹೊರಡುವ ಮೊದಲೇ ಅಂತಿಮ ಅಳತೆಗೆ ಬಂದಿರುತ್ತವೆ. ಪಿಕ್ಸೆಲ್ ಚಿತ್ರವನ್ನು ಮೂಲ ಗಾತ್ರದಲ್ಲಿ ಯಾರಿಗೂ ಕೊಡುವುದಿಲ್ಲ, ಪೂರ್ಣ ಸಂಖ್ಯೆಯಷ್ಟು ಪಟ್ಟು ನಾವೇ ಹಿಗ್ಗಿಸಿ, ಉಳಿದ ಜಾಗದ ಕಪ್ಪನ್ನೂ ಫೈಲಿನೊಳಗೇ ಸೇರಿಸಿ ಕೊಡುತ್ತೇವೆ. ಫೋಟೋವನ್ನು ಬಿಳಿ ಅಂಚಿನ ಸಮೇತ ಕಾಗದದ ಅಳತೆಗೇ ಮಾಡಿ ಕಳಿಸುತ್ತೇವೆ. ಕೆಂಪು ಗೆರೆಯ ಆ ಚಿತ್ರ ನನ್ನ ಪೆನ್‌ಡ್ರೈವಿನಲ್ಲಿ ಸದಾ ಇರುತ್ತದೆ. ಖಾಲಿ ಅಂಚನ್ನು ನಾವೇ ಇಟ್ಟು ಕಳಿಸಿದರೆ ಅದು ವಿನ್ಯಾಸದ ಭಾಗವಾಗಿ ಉಳಿಯುತ್ತದೆ, ಇಡದೆ ಕಳಿಸಿದರೆ ಮುಂದಿನವರು ಅದನ್ನು ನಮ್ಮ ಮರೆವೆಂದು ತಿಳಿದು ತುಂಬುತ್ತಾರೆ. ಅವರನ್ನು ದೂರುವಂತಿಲ್ಲ.

ದೂರುವುದಾದರೆ ಕೊಟೇಶನ್ ತಯಾರಿಸುವವರನ್ನು ದೂರುತ್ತೇನೆ. ಸ್ಥಳದಲ್ಲೇ ನಿಂತು ಪರದೆ, ಪ್ರಿಂಟ್, ಫ್ರೇಮ್ ಮೂರನ್ನೂ ಪರೀಕ್ಷಿಸಲು ಅರ್ಧ ದಿನದ ಖರ್ಚನ್ನು ನಾನು ಪ್ರತಿ ಕೊಟೇಶನ್ನಿನಲ್ಲೂ ಬರೆಯುತ್ತೇನೆ. ದರ ಇಳಿಸಬೇಕಾದಾಗ ಅವರು ಮೊದಲು ಹೊಡೆದುಹಾಕುವುದು ಅದೇ ಸಾಲನ್ನು. ನಾನು ಮತ್ತೆ ಸೇರಿಸುತ್ತೇನೆ. ಮುಂದಿನ ಕೆಲಸ ಒಂದು ಎಲ್‌ಇಡಿ ಗೋಡೆಯದು. ಅಂಥ ಗೋಡೆಗಳನ್ನು ತುಂಡು ತುಂಡು ಜೋಡಿಸುವುದರಿಂದ ಅವುಗಳ ಅಳತೆ ಯಾವ ಟಿ.ವಿ.ಗೂ ತಾಳೆಯಾಗುವುದಿಲ್ಲ. ಒಟ್ಟು ಎಷ್ಟು ಪಿಕ್ಸೆಲ್ ಎಂದು ಬಾಡಿಗೆಯವರನ್ನು ಕೇಳಿದರೆ, “ಹತ್ತು ಅಡಿ ಇದೆ ಮೇಡಂ, ಏನು ಕಳಿಸಿದರೂ ತುಂಬಿಕೊಳ್ಳುತ್ತದೆ” ಎನ್ನುತ್ತಾರೆ. ಪಿಕ್ಸೆಲ್ ಸಂಖ್ಯೆ ಬರೆದು ಕೊಡುವವರೆಗೆ ಆರ್ಟ್‌ವರ್ಕ್ ಶುರು ಮಾಡುವುದಿಲ್ಲ ಎಂದು ನಿನ್ನೆ ಅವರಿಗೆ ಮೇಲ್ ಹಾಕಿದ್ದೇನೆ, ಮ್ಯಾನೇಜರಿಗೂ ಪ್ರತಿ ಕಳಿಸಿದ್ದೇನೆ.