ವಾಲೆನ್‌ಸ್ಟಾಟ್‌ನಲ್ಲಿ ಬಂಡೆ ಬೀಳಿಸುತ್ತಾರೆ

ಸ್ವಿಟ್ಜರ್ಲೆಂಡಿನಲ್ಲಿ ಲುಸೆರ್ನ್ ನೋಡಿದೆ, ಹಿಮ ನೋಡಿದೆ. ಚೆನ್ನಾಗಿದೆ, ಆದರೆ ಸೆಲ್ಫಿ ಗಲಾಟೆ ಜಾಸ್ತಿ. ನನಗೆ ಹಿಡಿಸಿದ್ದು ಒಂದು ಕಲ್ಲುಕ್ವಾರಿ.

ವಾಲೆನ್‌ಸ್ಟಾಟ್ ಇರುವುದು ವಾಲೆನ್ ಸರೋವರದ ಪೂರ್ವದ ತುದಿಯಲ್ಲಿ, ಚೂರ್‌ಫಿರ್ಸ್ಟನ್ ಬೆಟ್ಟಸಾಲಿನ ಬುಡದಲ್ಲಿ. ಭಾನುವಾರ ಹೋಗುವವರಿದ್ದರೆ ಶನಿವಾರವೇ ಹಾಲು, ಬ್ರೆಡ್ಡು ತಗೊಂಡಿಡಿ. ನಾನು ಇಳಿದ ಸಂಜೆ ಒಂದಂಗಡಿಯೂ ತೆರೆದಿರಲಿಲ್ಲ. ಚಕ್ಕುಲಿಯಲ್ಲೇ ರಾತ್ರಿ ಊಟ ಮುಗಿಯಿತು!

ಚಿಕ್ಕಮ್ಮನ ಮಗ ಆ ದೇಶದಲ್ಲೇ ಸಿವಿಲ್ ಎಂಜಿನಿಯರ್. ಲೋಖೆಜನ್ ಕ್ವಾರಿಗೆ ಅವನೇ ಕರೆದುಕೊಂಡು ಹೋದ. ಬೆಟ್ಟದಿಂದ ಉರುಳುವ ಬಂಡೆಗಳನ್ನು ತಡೆಯುವ ಉಕ್ಕಿನ ಬಲೆಗಳಿಗೆ ಅಲ್ಲಿ ಪರೀಕ್ಷೆ. ನಿಲುವಾದ ಬಂಡೆಗೋಡೆಗೆ ಕಂಬಗಳನ್ನು ಅಡ್ಡಡ್ಡ ನೆಟ್ಟು, ಬಲೆಯನ್ನು ಆಚೆಗೆ ಚಾಚಿ ಕಟ್ಟಿರುತ್ತಾರೆ. ಅದರ ಮೇಲೆ ಮೂಲೆಗಳನ್ನು ಕತ್ತರಿಸಿದ ಕಾಂಕ್ರೀಟ್ ದಿಂಡು ಬೀಳಬೇಕು.

"ಬೆಟ್ಟದಿಂದಲೇ ಉರುಳಿಸಬಹುದಲ್ವಾ?" ಅಂದೆ.

"ಅಕ್ಕ, ಉರುಳೋ ಕಲ್ಲು ಒಂದೊಂದು ಸಲ ಒಂದೊಂದು ಕಡೆ ಹಾರುತ್ತೆ. ಮೇಲಿಂದ ಬಿಟ್ಟರೆ ಪ್ರತಿ ಸಲ ಅದೇ ವೇಗ, ಅದೇ ಜಾಗ."

32 ಮೀಟರ್ ಎತ್ತರದಿಂದ ಬಿಟ್ಟರೆ ಬಲೆ ಮುಟ್ಟುವಾಗ ವೇಗ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್. 16 ಟನ್ನಿನ ದಿಂಡಾದರೆ ಸುಮಾರು 5000 ಕಿಲೋಜೂಲ್ ಹೊಡೆತ.

ಕ್ರೇನಿನ ಕೊಕ್ಕೆ ಬಿಟ್ಟಿತು. ಮೂರು ಸೆಕೆಂಡೂ ಹಿಡಿಯಲಿಲ್ಲ. ಬಲೆ ಗಟ್ಟಿಯಾಗಿ ನಿಲ್ಲುತ್ತೆ ಅಂದುಕೊಂಡಿದ್ದೆ. ಅದು ಜೋತುಬಿದ್ದು ಕೆಳಗೆ ಹೋಗುತ್ತಲೇ ಇತ್ತು! ಏಟಿನ ಜೋರು ಹೀರಿಕೊಳ್ಳಲು ಹಗ್ಗಗಳಿಗೆ ಸಿಕ್ಕಿಸಿದ್ದ ಬ್ರೇಕುಗಳು ಕಿರ್ರ್ ಅಂತ ಎಳೆದುಕೊಂಡವು. ಆಮೇಲೆ ಹತ್ತಿರ ಹೋಗಿ ನೋಡಿದೆ. ಬಲೆ ಹೆಣೆದಿದ್ದ ದುಂಡಗಿನ ಉಕ್ಕಿನ ಬಳೆಗಳು ಉದ್ದುದ್ದ ಆಗಿದ್ದವು, ಆದರೆ ಒಂದೂ ತುಂಡಾಗಿರಲಿಲ್ಲ.

"ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ತಗೊಳ್ತೀವಲ್ಲ, ಹಾಗೇ. ಗಟ್ಟಿಯಾಗಿ ನಿಂತರೆ ಹಗ್ಗ ಹರಿಯುತ್ತೆ, ಇಲ್ಲಾ ಹಗ್ಗವನ್ನು ಬಂಡೆಗೆ ಬಿಗಿದಿರೋ ಆಂಕರ್ ಕಿತ್ತು ಬರುತ್ತೆ."

ಅದಕ್ಕೇ ಬಲೆ ಎಷ್ಟು ಜೋತುಬಿತ್ತು ಅಂತಲೂ ಅಳೆಯುತ್ತಾರೆ. ರಸ್ತೆ ಅದಕ್ಕಿಂತ ದೂರ ಇರಬೇಕು. ಇಲ್ಲದಿದ್ದರೆ ಬಲೆ ಬಂಡೆಯನ್ನು ಹಿಡಿದರೂ ಅದರ ಹೊಟ್ಟೆ ಬಸ್ಸಿಗೆ ಬಡಿಯುತ್ತದೆ. ಯುರೋಪಿನ ನಿಯಮದಲ್ಲಿ ಇನ್ನೊಂದು ಪರೀಕ್ಷೆಯೂ ಇದೆ: ಗರಿಷ್ಠ ಹೊಡೆತದ ಮೂರನೇ ಒಂದು ಭಾಗದ ಬಲದಲ್ಲಿ ಎರಡು ಸಲ ಹೊಡೆಯುತ್ತಾರೆ. ಮೊದಲ ಏಟಿನ ನಂತರವೂ ಬಲೆಯ ಎತ್ತರ 70 ಶೇಕಡಾ ಉಳಿಯಬೇಕು. ರಿಪೇರಿ ಮಾಡದೆಯೇ ಎರಡನೇ ಏಟನ್ನೂ ತಡೆಯಬೇಕು.

ನನಗೆ ಕೊಂಕಣ ರೈಲು ನೆನಪಾಯಿತು. 2003ರ ಜೂನ್‌ನಲ್ಲಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ರೈಲು ವೈಭವವಾಡಿ ಹತ್ತಿರ ಹಳಿಗೆ ಬಿದ್ದ ಬಂಡೆಗಳಿಗೆ ಡಿಕ್ಕಿ ಹೊಡೆದು 50ಕ್ಕೂ ಹೆಚ್ಚು ಜನ ಸತ್ತರು. ಈಗ ಆ ದಾರಿಯಲ್ಲಿ ಬಲೆಗಳು ಕಾಣಿಸುತ್ತವೆ.

"ನಮ್ಮ ಕಡೆ ಬಲೆ ಹಾಕಿದ್ದಾರಲ್ಲ, ಸಾಕಲ್ವಾ?" ಅಂದೆ.

"ಹಾಕಿದ್ದು ಸರಿ ಅಕ್ಕ. ಪ್ರತಿ ಮಳೆಗಾಲ ಮುಗಿದ ಮೇಲೆ ಅದರೊಳಗಿನ ಕಲ್ಲು ಯಾರು ತೆಗೀತಾರೆ, ಎಳೆದುಹೋದ ಬ್ರೇಕು ಯಾರು ಬದಲಾಯಿಸ್ತಾರೆ ಅಂತ ಕೇಳು."