ಕೀಲಿಮಣೆ ನೋಡದೆ ಕನ್ನಡ ಟೈಪ್ ಮಾಡಲು ಕಲಿತದ್ದು

ಕನ್ನಡದಲ್ಲಿ ಪತ್ರ, ವರದಿ, ಅನುವಾದಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಸೇರಿ ಹಲವು ವರ್ಷಗಳಾದ ಮೇಲೂ ನಾನು ಎರಡೇ ಬೆರಳುಗಳಲ್ಲಿ ಟೈಪ್ ಮಾಡುತ್ತಿದ್ದೆ. ವಾಕ್ಯವು ತಲೆಯಲ್ಲಿ ಪೂರ್ತಿ ರೂಪುಗೊಂಡಿದ್ದರೂ ‘ಠ’ ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಅದರ ಕೊನೆಯ ಭಾಗ ಜಾರಿಹೋಗುತ್ತಿತ್ತು. ವೇಗವಿಲ್ಲದ್ದಕ್ಕಿಂತ ಹೆಚ್ಚಾಗಿ ಕಾಡಿದ್ದು ಈ ಮರೆವು. ಕನ್ನಡದಲ್ಲಿ ಬರೆದು ಜೀವನ ನಡೆಸಬೇಕೆಂದಿರುವವರು ಬೇರೆ ಯಾವ ತಂತ್ರಾಂಶಕ್ಕೂ ಮೊದಲು ಹತ್ತು ಬೆರಳುಗಳಿಂದ, ಕೀಲಿಮಣೆ ನೋಡದೆ ಟೈಪ್ ಮಾಡುವುದನ್ನು ಕಲಿಯಬೇಕೆಂದು ನಾನು ಈಗ ಒತ್ತಿ ಹೇಳುತ್ತೇನೆ.

ಯಾವ ಕೀಲಿಗೆ ಯಾವ ಅಕ್ಷರ ಎಂದು ಗೊತ್ತುಪಡಿಸುವ ವಿನ್ಯಾಸಗಳು ಹಲವಿವೆ; ಮೊದಲು ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. ಭಾರತೀಯ ಭಾಷೆಗಳಿಗೆಂದು ರೂಪಿಸಿದ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸ ವಿಂಡೋಸ್‌ನಲ್ಲೇ ಸಿಗುತ್ತದೆ. ಅದರಲ್ಲಿ ಸ್ವರಗಳು ಎಡಗೈಗೆ, ಬಹುಪಾಲು ವ್ಯಂಜನಗಳು ಬಲಗೈಗೆ ಬರುತ್ತವೆ. ಹಿಂದಿ, ತೆಲುಗುಗಳಲ್ಲೂ ‘ಕ’ ಅದೇ ಜಾಗದಲ್ಲಿರುವುದರಿಂದ ಎರಡು ಮೂರು ಭಾಷೆಗಳಲ್ಲಿ ದುಡಿಯುವವರಿಗೆ ಅದು ಒಳ್ಳೆಯ ಆಯ್ಕೆ. ನಾನು ಆರಿಸಿಕೊಂಡದ್ದು ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸವನ್ನು. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆ ಬರೆದು ಕನ್ನಡಕ್ಕೆ ತಿರುಗಿಸುವ ಕ್ರಮದಲ್ಲಿ ಪ್ರತಿ ಅಕಾರಕ್ಕೂ ‘ಎ’ ಒತ್ತಬೇಕು; ಇಲ್ಲಿ ‘ಕ’ ಎಂದರೆ ಒಂದೇ ಕೀಲಿ, ಏಕೆಂದರೆ ಅಕಾರವು ಅಕ್ಷರದೊಳಗೇ ಇದೆ. ‘ಕರ್ನಾಟಕ’ ಎಂದು ಬರೆಯಲು ಅಲ್ಲಿ ಒಂಬತ್ತು ಕೀಲಿಗಳು ಬೇಕಾದರೆ ಇಲ್ಲಿ ಏಳು ಸಾಕು.

ಈ ವಿನ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ‘ಎಫ್’ ಕೀಲಿ. ಎಡಗೈ ತೋರುಬೆರಳು ತನ್ನ ಜಾಗವನ್ನು ಮುಟ್ಟಿ ತಿಳಿಯಲೆಂದು ಆ ಕೀಲಿಯ ಮೇಲೆ ಸಣ್ಣ ಉಬ್ಬುಗೆರೆಯೊಂದಿರುತ್ತದೆ. ಕನ್ನಡದ ಒತ್ತಕ್ಷರಗಳನ್ನೆಲ್ಲ ಕೂಡಿಸುವುದೂ ಅದೇ ಕೀಲಿ. ‘ಸ್ತ್ರೀ’ ಎಂದು ಬರೆಯಲು ಸ, ಎಫ್, ತ, ಎಫ್, ರ, ಬಳಿಕ ದೀರ್ಘ ಈಕಾರ: ಆರು ಒತ್ತುಗಳು, ಅವುಗಳ ನಡುವೆ ತೋರುಬೆರಳು ಎರಡು ಸಲ ತನ್ನ ಮನೆಗೇ ಮರಳುತ್ತದೆ. ಒತ್ತಕ್ಷರವೆಂದರೆ ಭಯಪಡುತ್ತಿದ್ದ ನನಗೆ ಇದು ಬೆರಳಿಗೆ ಹತ್ತಿದ ದಿನ ಆದ ಸಂತೋಷ ಈಗಲೂ ನೆನಪಿದೆ. ಕಷ್ಟ ಕೊಡುವುದು ‘ಟ’ ಮತ್ತು ‘ಡ’. ಅವು ‘ಕ್ಯೂ’ ಮತ್ತು ‘ಡಬ್ಲ್ಯೂ’ ಕೀಲಿಗಳಲ್ಲಿ, ಅಂದರೆ ಎಡಗೈಯ ಕಿರುಬೆರಳು ಮತ್ತು ಉಂಗುರಬೆರಳಿನ ಪಾಲಿಗೆ ಬಂದಿವೆ. ಅದಕ್ಕಾಗಿ ‘ಕಟ್ಟಡ’, ‘ಗಟ್ಟಿ’, ‘ಅಡ್ಡ’, ‘ತಟ್ಟೆ’ ಮುಂತಾದ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ದಿನವೂ ಹತ್ತು ಹತ್ತು ಸಲ ಟೈಪ್ ಮಾಡಿದೆ. ಎಡಗೈ ಅಕ್ಷರಕ್ಕೆ ಬಲಗೈಯ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗೈಯ ಶಿಫ್ಟ್ ಎಂಬ ನಿಯಮವನ್ನು ಮೊದಲ ದಿನದಿಂದಲೇ ಪಾಲಿಸಬೇಕು. ಆಮೇಲೆ ತಿದ್ದಿಕೊಳ್ಳುವುದು ಬಹಳ ಕಷ್ಟ.

ಅಭ್ಯಾಸದ ಅವಧಿಯ ಬಗ್ಗೆ ಒಂದು ಮಾತು. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಿದ ಪ್ರಯೋಗವೊಂದನ್ನು ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ಲಾಂಗ್‌ಮನ್ 1978ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರು, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟು ಕಡಿಮೆ ಗಂಟೆಗಳಲ್ಲಿ ಅದೇ ಮಟ್ಟವನ್ನು ಮುಟ್ಟಿದ್ದರು. ಆದರೆ ದಿನಗಳ ಲೆಕ್ಕದಲ್ಲಿ ತಾವು ಹಿಂದುಳಿದಂತೆ ಕಂಡದ್ದರಿಂದಲೋ ಏನೋ, ತರಬೇತಿಯ ಬಗ್ಗೆ ಹೆಚ್ಚು ಅಸಮಾಧಾನವಿದ್ದದ್ದೂ ಅವರಿಗೇ. ನಿಧಾನವಾಗಿ ಕಲಿಯುತ್ತಿದ್ದೇನೆ ಎಂಬ ಬೇಸರ ಬಂದಾಗಲೆಲ್ಲ ನಾನು ಈ ಅಂಚೆ ನೌಕರರನ್ನು ನೆನೆದು ಧೈರ್ಯ ತಂದುಕೊಂಡೆ. ಬೆಳಿಗ್ಗೆ ಕೆಲಸ ಆರಂಭಿಸುವ ಮುನ್ನ 20 ನಿಮಿಷ, ಸಂಜೆ 20 ನಿಮಿಷ, ಅಷ್ಟೇ ನನ್ನ ಅಭ್ಯಾಸ.

ಮೊದಲ ಎರಡು ವಾರ ನಿಜಕ್ಕೂ ಕಷ್ಟದವು. ಅರ್ಧ ಗಂಟೆಯ ಪತ್ರಕ್ಕೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ತುರ್ತು ಕೆಲಸ ಬಂದಾಗ ಹಳೆಯ ಎರಡು ಬೆರಳುಗಳಿಗೆ ಮರಳುವ ಆಸೆಯಾಗುತ್ತಿತ್ತು. ಹಾಗೆ ಮರಳಿದರೆ ಹೊಸ ಅಭ್ಯಾಸ ನೆಲೆಯೂರುವುದಿಲ್ಲವೆಂದು ಕಂಡುಕೊಂಡ ಮೇಲೆ, ತುರ್ತಿಲ್ಲದ ದಿನಗಳನ್ನು ನೋಡಿಯೇ ಕಲಿಕೆ ಆರಂಭಿಸಬೇಕೆಂದು ಸ್ನೇಹಿತರಿಗೆ ಹೇಳುತ್ತಿದ್ದೇನೆ. ಕಣ್ಣು ಕೀಲಿಮಣೆಯತ್ತ ಹೋಗದಿರಲೆಂದು ಕೈಗಳ ಮೇಲೆ ತೆಳುವಾದ ಟವೆಲ್ ಹೊದಿಸಿಕೊಂಡು ಕೂರುತ್ತಿದ್ದೆ. ಕಣ್ಣಿನ ಆಸರೆ ತಪ್ಪಿದಾಗ ಮಾತ್ರ ಬೆರಳು ದಾರಿ ಕಲಿಯುತ್ತದೆ.

ಮಾತನಾಡಿದರೆ ಫೋನೇ ಕನ್ನಡದಲ್ಲಿ ಬರೆಯುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಮೊದಲ ಕರಡಿಗೆ ಅದು ಉಪಯುಕ್ತ, ನಾನೂ ಬಳಸುತ್ತೇನೆ. ಆದರೆ ಊರಿನ ಹೆಸರು, ವ್ಯಕ್ತಿಯ ಇನಿಷಿಯಲ್, ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಲು ಕೊನೆಗೆ ಕೈಯೇ ಬೇಕು, ಮತ್ತು ಹತ್ತು ಜನ ಕುಳಿತ ಕೋಣೆಯಲ್ಲಿ ಗೋಪ್ಯ ಪತ್ರವನ್ನು ಗಟ್ಟಿಯಾಗಿ ಹೇಳಲಾಗದು.

ಆರನೆಯ ವಾರ ಹಿರಿಯ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಕುಳಿತು ಬಾಡಿಗೆ ಕರಾರಿನ ಕರಡನ್ನು ಓದಿ ಹೇಳುತ್ತಿದ್ದರು. ಅವರ ಮುಖವನ್ನೇ ನೋಡುತ್ತ ಬರೆದುಕೊಳ್ಳುತ್ತಿದ್ದೆ. ‘ಸದರಿ ಕಟ್ಟಡದ’ ಎಂದರು. ಪರದೆಯತ್ತ ತಿರುಗುವಷ್ಟರಲ್ಲಿ ಆ ಪದ ಒತ್ತು ಸಹಿತ ಅಲ್ಲಿ ಮೂಡಿತ್ತು, ಅವರು ಮುಂದಿನ ಸಾಲಿಗೆ ಹೋಗಿದ್ದರು.